ಗ್ಯಾಸ್ಕೆಟ್ ಮತ್ತೆ ಮತ್ತೆ ಹೋಗುತ್ತಿದ್ದರೆ ಬ್ಲಾಕ್ ಫೇಸ್ ಅಳೆದು ನೋಡಿ

ಟ್ರ್ಯಾಕ್ಟರ್ ಎಂಜಿನ್‌ಗೆ ಹೊಸ ಹೆಡ್ ಗ್ಯಾಸ್ಕೆಟ್, ಅಂದರೆ ಬ್ಲಾಕಿಗೂ ಅದರ ಮೇಲೆ ಕೂರುವ ಹೆಡ್ಡಿಗೂ ನಡುವಿನ ತೆಳು ಪದರ, ಹಾಕಿದ್ದಾಯಿತು. ಹೆಡ್ ಫೇಸಿಂಗ್ (ಮಷಿನ್‌ನಲ್ಲಿ ಮುಖ ಸಮ ಮಾಡಿಸುವುದು) ಕೂಡ ಮಾಡಿಸಿದ್ದಾಯಿತು. ಆದರೂ ಹತ್ತು ಹದಿನೈದು ದಿನಕ್ಕೆ ರೇಡಿಯೇಟರ್‌ನಲ್ಲಿ ಮತ್ತೆ ಗುಳ್ಳೆ ಏಳುತ್ತವೆ, ನೀರು ಉಗುಳುತ್ತದೆ. ಮಾಲು ಡೂಪ್ಲಿಕೇಟ್ ಇರಬೇಕು ಅಂತ ಅಂಗಡಿಯವರ ಮೇಲೆ ಸಿಟ್ಟು ಬರುತ್ತದೆ. ಇನ್ನೊಂದು ಗ್ಯಾಸ್ಕೆಟ್ ತರುತ್ತಾರೆ, ಅದೂ ಹೋಗುತ್ತದೆ. ಕಲಬುರಗಿ, ಬೀದರ್, ಯಾದಗಿರಿ ಕಡೆ ತೊಗರಿ ರಾಶಿ ಮತ್ತು ಕಬ್ಬು ಸಾಗಣೆಯ ದಿನಗಳಲ್ಲಿ ಇಂಥ ಗಾಡಿಗಳು ಒಂದರ ಹಿಂದೆ ಒಂದು ಬರುತ್ತವೆ.

ಬಹಳಷ್ಟು ಸಲ ಕಾರಣ ಇಷ್ಟೇ: ಹೆಡ್ ಅಳೆದಿರುತ್ತಾರೆ, ಬ್ಲಾಕ್ ಅಳೆದಿರುವುದಿಲ್ಲ. ಹೆಡ್ ಬಿಚ್ಚಿದರೆ ಬೈಕ್ ಹಿಂದೆ ಕಟ್ಟಿಕೊಂಡು ಮಷಿನ್ ಶಾಪಿಗೆ ಒಯ್ಯಬಹುದು. ಬ್ಲಾಕ್ ಹಾಗಲ್ಲ. ಹೆಚ್ಚಿನ ಟ್ರ್ಯಾಕ್ಟರ್‌ಗಳಲ್ಲಿ ಬ್ಲಾಕೇ ಚಾಸಿಸ್. ಮುಂದಿನ ಆಕ್ಸಲ್ ಒಂದು ಕಡೆ, ಕ್ಲಚ್ ಹೌಸಿಂಗ್ ಇನ್ನೊಂದು ಕಡೆ ಅದಕ್ಕೇ ಬೋಲ್ಟ್ ಆಗಿರುತ್ತವೆ. ಅದನ್ನು ಇಳಿಸಬೇಕೆಂದರೆ ಗಾಡಿಯನ್ನೇ ಎರಡು ಭಾಗ ಮಾಡಬೇಕು. ಹಂಗಾಮಿನ ನಡುವೆ ಅಷ್ಟು ದಿನ ಗಾಡಿ ನಿಲ್ಲಿಸುವುದಕ್ಕೆ ಯಾರಿಗೂ ಮನಸ್ಸಿರುವುದಿಲ್ಲ. ಹೀಗಾಗಿ ಬ್ಲಾಕ್ ಫೇಸ್, ಅಂದರೆ ಗ್ಯಾಸ್ಕೆಟ್ ಕೂರುವ ಮುಖದ ಮೇಲೆ ಒಂದು ಬಟ್ಟೆ ಆಡಿಸಿ, ಕೈ ಸವರಿ, ಸಾಪಾಗಿದೆ ಅಂದುಬಿಡುತ್ತಾರೆ. ಗ್ಯಾಸ್ಕೆಟ್ ಹೋಗುವ ಮಟ್ಟದ ತಗ್ಗು ಕೈಗೆ ಸಿಗುವುದಿಲ್ಲ. ಅದು ಸುಮಾರು ಒಂದು ತಲೆಗೂದಲಿನ ದಪ್ಪದಷ್ಟು ಮಾತ್ರ.

ಗ್ಯಾಸ್ಕೆಟ್ ತಡೆಯಬೇಕಾದ ಬಲ ಎಷ್ಟೆಂದು ಒಮ್ಮೆ ಲೆಕ್ಕ ಹಾಕಿ ನೋಡಿ. 100 ಮಿ.ಮೀ. ಬೋರ್‌ನ ಡೀಸೆಲ್ ಎಂಜಿನ್‌ನಲ್ಲಿ ಉರಿಯುವ ಗಳಿಗೆಯ ಒತ್ತಡ 120 ಬಾರ್ ಇದ್ದರೆ, ಒಂದೊಂದು ಸಿಲಿಂಡರ್ ಉರಿದಾಗಲೂ 9 ಟನ್‌ಗಿಂತ ಜಾಸ್ತಿ ಬಲ ಹೆಡ್ಡನ್ನು ಮೇಲೆತ್ತಲು ನೋಡುತ್ತದೆ. ಅದೇ ಗ್ಯಾಸ್ಕೆಟ್ ಪಕ್ಕದಲ್ಲೇ ನೀರು, ಎಣ್ಣೆ ಎರಡನ್ನೂ ಬೇರೆ ಬೇರೆ ಇಡಬೇಕು. ಫೇಸ್ ಸಮ ಇದ್ದರೆ ಬೋಲ್ಟ್‌ಗಳ ಬಿಗಿತ ಎಲ್ಲ ಕಡೆಗೂ ಹಂಚಿಹೋಗುತ್ತದೆ. ಒಂದು ಕಡೆ ತಗ್ಗಿದ್ದರೆ ಅಲ್ಲಿ ಗ್ಯಾಸ್ಕೆಟ್ ಒತ್ತಿಕೊಳ್ಳುವುದೇ ಇಲ್ಲ. ಗ್ಯಾಸ್ ಅಲ್ಲಿಂದಲೇ ದಾರಿ ಮಾಡಿಕೊಳ್ಳುತ್ತದೆ.

ಬಿಚ್ಚುವ ಮೊದಲು

ರೇಡಿಯೇಟರ್‌ನಲ್ಲಿ ಗುಳ್ಳೆ ಬಂತೆಂದರೆ ಗ್ಯಾಸ್ಕೆಟ್ಟೇ ಹೋಗಿದೆ ಎಂದಲ್ಲ. ಹೆಡ್ ಬಿರುಕು ಬಿಟ್ಟಿದ್ದರೂ ಗುಳ್ಳೆ ಬರುತ್ತವೆ. ವೆಟ್ ಲೈನರ್, ಅಂದರೆ ಹೊರಗಿನಿಂದ ನೀರು ತಾಗುವ ಸಿಲಿಂಡರ್ ಕೊಳವೆ, ತೂತುಬಿದ್ದಿದ್ದರೂ ಬರುತ್ತವೆ. ಎಣ್ಣೆ ಹಾಲು ಹಾಕಿದ ಚಹಾದ ಬಣ್ಣಕ್ಕೆ ತಿರುಗಿದರೆ ಆಯಿಲ್ ಕೂಲರ್ ಸೋರುತ್ತಿರಬಹುದು, ಲೈನರ್ ಕೆಳಗಿನ ಓ-ರಿಂಗ್ ಹೋಗಿರಬಹುದು. ಇದನ್ನೆಲ್ಲ ಹೆಡ್ ಕೂತಿರುವಾಗಲೇ ಸ್ವಲ್ಪ ಬೇರ್ಪಡಿಸಿಕೊಳ್ಳುವುದು ಒಳ್ಳೆಯದು.

ಬೆಳಿಗ್ಗೆ ಎಂಜಿನ್ ಪೂರ್ತಿ ತಣ್ಣಗಿರುವಾಗ ಕ್ಯಾಪ್ ತೆಗೆದು ಸ್ಟಾರ್ಟ್ ಮಾಡಿ. ನೀರು ಬಿಸಿಯಾಗುವ ಮೊದಲೇ ಒಂದೇ ಸಮನೆ ಗುಳ್ಳೆ ಬಂದರೆ, ಅಥವಾ ಕ್ಯಾಪ್ ಹಾಕಿ ಓಡಿಸಿದಾಗ ಒಂದೆರಡು ನಿಮಿಷದಲ್ಲೇ ಮೇಲಿನ ಹೋಸ್ ಕಲ್ಲಿನಂತೆ ಗಟ್ಟಿಯಾದರೆ, ಸಿಲಿಂಡರ್ ಗ್ಯಾಸ್ ನೀರಿಗೆ ಸೇರುತ್ತಿದೆ. ಬಿಸಿ ಎಂಜಿನ್‌ನ ಕ್ಯಾಪ್ ಮಾತ್ರ ಎಂದೂ ತೆಗೆಯಬೇಡಿ. ಸುಮಾರು 1 ಬಾರ್ ಒತ್ತಡದ ಕ್ಯಾಪ್ ಕೆಳಗೆ ನೀರು 120 ಡಿಗ್ರಿ ಹತ್ತಿರಕ್ಕೆ ಬಂದಮೇಲೆ ಕುದಿಯುತ್ತದೆ. ತೆಗೆದ ತಕ್ಷಣ ಆವಿಯಾಗಿ ಮುಖಕ್ಕೇ ಹೊಡೆಯುತ್ತದೆ.

ಯಾವ ಸಿಲಿಂಡರ್ ಎಂದು ತಿಳಿಯಬೇಕೆಂದರೆ ಇಂಜೆಕ್ಟರ್ ಬಿಚ್ಚಿ, ಆ ತೂತಿನಿಂದ ಗಾಳಿ ಕೊಡಬೇಕು. ಎರಡೂ ವಾಲ್ವ್ ಮುಚ್ಚಿರುವಂತೆ ಪಿಸ್ಟನ್ ಮೇಲಿನ ತುದಿಗೆ ತಂದು 5ರಿಂದ 6 ಕೆ.ಜಿ. (ಚದರ ಸೆಂ.ಮೀ.ಗೆ) ಒತ್ತಡದ ಗಾಳಿ ಬಿಡಿ. ರೇಡಿಯೇಟರ್‌ನಲ್ಲಿ ಗುಳ್ಳೆ ಎದ್ದರೆ ಆ ಸಿಲಿಂಡರ್. ಪಕ್ಕದ ಸಿಲಿಂಡರ್‌ನ ಇಂಜೆಕ್ಟರ್ ತೂತಿನಿಂದ ಗಾಳಿ ಬಂದರೆ ಎರಡರ ನಡುವಿನ ಪಟ್ಟಿ ಹೋಗಿದೆ. ಗಾಳಿ ಕೊಡುವ ಮೊದಲು ಗೇರ್ ಹಾಕಿ, ಕ್ರ್ಯಾಂಕ್ ತಿರುಗದಂತೆ ನೋಡಿಕೊಳ್ಳಿ. 100 ಮಿ.ಮೀ. ಪಿಸ್ಟನ್ ಮೇಲೆ 6 ಕೆ.ಜಿ. ಗಾಳಿ ಎಂದರೆ ನಾಲ್ಕೂವರೆ ಕ್ವಿಂಟಲ್‌ಗಿಂತ ಜಾಸ್ತಿ ತಳ್ಳು. ಫ್ಯಾನ್ ಹತ್ತಿರ ಯಾರ ಕೈಯೂ ಇರಕೂಡದು.

ಹಳೆ ಗ್ಯಾಸ್ಕೆಟ್ ಎಸೆಯಬೇಡಿ

ಹೆಡ್ ಎತ್ತಿದ ಕೂಡಲೇ ಗ್ಯಾಸ್ಕೆಟ್ ಹರಿದು ಮೂಲೆಗೆ ಬಿಸಾಡುವುದು ನಮ್ಮಲ್ಲಿ ರೂಢಿ. ಬಿಸಾಡುವ ಮೊದಲು ಅದನ್ನು ಬೆಳಕಿಗೆ ಹಿಡಿದು ನಿಧಾನವಾಗಿ ನೋಡಿ. ಯಾವ ಕಡೆ ಮೇಲಿತ್ತು, ಯಾವ ಕಡೆ ರೇಡಿಯೇಟರ್ ಕಡೆಗಿತ್ತು ಎಂದು ಚಾಕ್‌ಪೀಸಿನಿಂದ ಗುರುತು ಹಾಕಿ. ಸಿಲಿಂಡರ್ ಸುತ್ತಲಿನ ಉಕ್ಕಿನ ಬಳೆ, ಅಂದರೆ ಫೈರ್ ರಿಂಗ್, ಚೆನ್ನಾಗಿ ಒತ್ತಿಕೊಂಡಿದ್ದರೆ ಅದರ ಗುರುತು ಸುತ್ತಲೂ ಒಂದೇ ಅಗಲ, ಒಂದೇ ಹೊಳಪು ಇರುತ್ತದೆ. ಒತ್ತಿಕೊಳ್ಳದ ಕಡೆ ಗುರುತು ಮಸುಕು. ಆ ಮಸುಕಿನ ಮೇಲೆ ಕಪ್ಪು ಮಸಿಯ ಗೆರೆ ನೀರಿನ ತೂತಿನ ಕಡೆಗೋ ಪಕ್ಕದ ಸಿಲಿಂಡರ್ ಕಡೆಗೋ ಹೋಗಿದ್ದರೆ ಸೋರಿದ ಜಾಗ ಅದೇ.

ಇನ್ನು ಗ್ಯಾಸ್ಕೆಟ್ಟಿನ ಎರಡೂ ಬದಿ ಹೋಲಿಸಿ. ಹೆಡ್ ಕಡೆಯ ಗುರುತು ಪೂರ್ತಿ ಇದ್ದು ಬ್ಲಾಕ್ ಕಡೆಯದು ಮಸುಕಾಗಿದ್ದರೆ ದೋಷ ಬ್ಲಾಕಿನಲ್ಲಿದೆ ಎಂದು ಅಳೆಯುವ ಮೊದಲೇ ಸುಳಿವು ಸಿಕ್ಕಂತೆ. ಜೇವರ್ಗಿ ಕಡೆಯಿಂದ ಬಂದಿದ್ದ ಒಂದು ಮೂರು ಸಿಲಿಂಡರ್ ಟ್ರ್ಯಾಕ್ಟರ್‌ನಲ್ಲಿ ಇದನ್ನು ಕಣ್ಣಾರೆ ಕಂಡೆ. ಮೇಲಿನ ಬದಿಯಲ್ಲಿ ಮೂರೂ ಬಳೆಗಳು ಬೆಳ್ಳಗೆ ಹೊಳೆಯುತ್ತಿದ್ದವು. ಕೆಳಬದಿಯಲ್ಲಿ ಎರಡು ಮತ್ತು ಮೂರನೇ ಸಿಲಿಂಡರ್ ನಡುವೆ ಸುಮಾರು ಒಂದು ಇಂಚಿನಷ್ಟು ಗುರುತೇ ಇಲ್ಲ. ಅದರ ಮೇಲೆ ಮಸಿ ಹಾದುಹೋಗಿತ್ತು. ಆ ಹೆಡ್ಡಿಗೆ ಅಷ್ಟರಲ್ಲೇ ಎರಡು ಸಲ ಫೇಸಿಂಗ್ ಆಗಿತ್ತು, ಅದರಲ್ಲಿ ಒಂದಿಷ್ಟೂ ದೋಷವಿರಲಿಲ್ಲ. ಬ್ಲಾಕ್ ಮೇಲೆ ಸ್ಟ್ರೈಟ್ ಎಡ್ಜ್ (ನೇರ ಅಂಚಿನ ಪಟ್ಟಿ) ಇಟ್ಟಾಗ ಅದೇ ಜಾಗದಲ್ಲಿ ಸಂದಿ ಅಳೆಯುವ ಫಿಲ್ಲರ್ ಗೇಜಿನ 0.10 ಮಿ.ಮೀ. ಎಲೆ ಸಲೀಸಾಗಿ ಒಳಗೆ ಹೋಯಿತು. ಎರಡು ಫೇಸಿಂಗ್‌ನ ಹಣ, ಹಂಗಾಮಿನ ದಿನಗಳು ಆ ರೈತನಿಗೆ ಸುಮ್ನೆ ಹೋದವು. ಇದನ್ನು ನೋಡಿದರೆ ಸಂಕಟವಾಗುತ್ತದೆ. ಅಳೆದು ನೋಡಲು ಅರ್ಧ ಗಂಟೆ ಸಾಕಿತ್ತು.

ಒರೆಸುವಾಗಲೇ ಫೇಸ್ ಕೆಡಿಸಬೇಡಿ

ಹಳೆ ಗ್ಯಾಸ್ಕೆಟ್ ಅಂಟು ತೆಗೆಯಲು ಗ್ರೈಂಡರ್‌ಗೆ ಎಮರಿ ಡಿಸ್ಕ್ ಹಾಕಿ ಆಡಿಸುವುದು ಈಗ ಎಲ್ಲ ಕಡೆ ಕಾಣುತ್ತದೆ. ಬೇಗ ಆಗುತ್ತದೆ, ಹೊಳೆಯುತ್ತದೆ, ಗಿರಾಕಿಗೂ ಖುಷಿ. ಆದರೆ ಇದರಿಂದ ಎರಡು ಹಾನಿ. ಡಿಸ್ಕ್ ಎಲ್ಲಿ ಒಂದು ಗಳಿಗೆ ಜಾಸ್ತಿ ನಿಂತಿತೋ ಅಲ್ಲಿ ತಗ್ಗು ಬೀಳುತ್ತದೆ. ಅಲ್ಯುಮಿನಿಯಂ ಆದರೆ ಕ್ಷಣದಲ್ಲಿ, ಬೀಡು ಕಬ್ಬಿಣವಾದರೆ ಸ್ವಲ್ಪ ನಿಧಾನ. ಎರಡನೆಯದು ಇದಕ್ಕಿಂತ ಕೆಟ್ಟದ್ದು. ಡಿಸ್ಕ್‌ನಿಂದ ಉದುರುವ ಪುಡಿ ಬೇರಿಂಗ್ ಲೋಹಕ್ಕಿಂತ ಎಷ್ಟೋ ಗಟ್ಟಿ. ಅದು ಎಣ್ಣೆ ದಾರಿಗೆ, ಪಿಸ್ಟನ್ ಸಂದಿಗೆ ಇಳಿದರೆ ಗ್ಯಾಸ್ಕೆಟ್ ನಿಂತರೂ ಬೇರಿಂಗ್ ನಿಲ್ಲುವುದಿಲ್ಲ. ಬ್ಲಾಕ್ ಗಾಡಿಯಲ್ಲೇ ಇರುವಾಗ ಡಿಸ್ಕ್ ಮುಟ್ಟಲೇಬೇಡಿ.

ಬೀಡಿನ ಬ್ಲಾಕಿಗೆ ಚೂಪಾದ ಅಗಲ ಸ್ಕ್ರೇಪರ್ ಸಾಕು. ಫೇಸ್ ಮೇಲೆ ಮಲಗಿಸಿದಂತೆ ಹಿಡಿದು ತಳ್ಳಿ, ಮೂಲೆಯಿಂದ ಕೆರೆಯಬೇಡಿ. ಅಲ್ಯುಮಿನಿಯಂ ಬ್ಲಾಕ್ ಆದರೆ ಪ್ಲಾಸ್ಟಿಕ್ ಅಥವಾ ಹಿತ್ತಾಳೆಯದೇ ಬೇಕು. ಅಂಟು ಬಿಡದಿದ್ದರೆ ಗ್ಯಾಸ್ಕೆಟ್ ರಿಮೂವರ್ ಹಚ್ಚಿ ಸ್ವಲ್ಪ ಹೊತ್ತು ಬಿಡಿ. ಶುರು ಮಾಡುವ ಮೊದಲು ನೀರಿನ ತೂತು, ಎಣ್ಣೆ ತೂತುಗಳಿಗೆಲ್ಲ ಬಟ್ಟೆ ತುರುಕಿ. ಪಿಸ್ಟನ್ ಅಂಚಿನ ಸುತ್ತ ಗ್ರೀಸ್ ಹಚ್ಚಿದರೆ ಕಸ ಅದಕ್ಕೆ ಅಂಟಿಕೊಳ್ಳುತ್ತದೆ, ಆಮೇಲೆ ಒರೆಸಿ ತೆಗೆಯಬಹುದು. ಕೊನೆಗೆ ಸಮತಟ್ಟಾದ ಎಣ್ಣೆಕಲ್ಲಿಗೆ ಸ್ವಲ್ಪ ಡೀಸೆಲ್ ಹಾಕಿ ಫೇಸ್ ಮೇಲೆ ಹಗುರವಾಗಿ ಆಡಿಸಿ. ಲೋಹ ತೆಗೆಯುವುದು ಇಲ್ಲಿ ಉದ್ದೇಶವಲ್ಲ. ಎಲ್ಲಿ ಉಬ್ಬಿದೆಯೋ ಅಲ್ಲಿ ಹೊಳೆಯುತ್ತದೆ, ತಗ್ಗಿದ ಕಡೆ ಕಪ್ಪಾಗಿಯೇ ಉಳಿಯುತ್ತದೆ. ಅಳತೆಗೆ ಮೊದಲೇ ಒಂದು ನಕ್ಷೆ ಕಣ್ಣಿಗೆ ಬೀಳುತ್ತದೆ.

ಅಳತೆ

ಬೇಕಾದ್ದು ಎರಡೇ. ಬ್ಲಾಕಿಗಿಂತ ಉದ್ದವಿರುವ, ಗ್ರೈಂಡ್ ಮಾಡಿದ ಅಂಚಿನ ಸ್ಟ್ರೈಟ್ ಎಡ್ಜ್ ಮತ್ತು ಒಂದು ಫಿಲ್ಲರ್ ಗೇಜ್. ಸ್ಟೀಲ್ ಸ್ಕೇಲ್, ಗೌಂಡಿ ಕೆಲಸದ ಅಲ್ಯುಮಿನಿಯಂ ಪಟ್ಟಿ, ಲೆವೆಲ್ ಬಾಟಲಿ ಇವು ಯಾವುದೂ ನಡೆಯುವುದಿಲ್ಲ. ಪಟ್ಟಿಯೇ 0.2 ಬಾಗಿದ್ದರೆ 0.05 ಅಳೆಯುವುದು ಹೇಗೆ, ಅಲ್ವಾ? ಒಳ್ಳೆಯ ಸ್ಟ್ರೈಟ್ ಎಡ್ಜನ್ನು ಟೂಲ್ ಬಾಕ್ಸಿನಲ್ಲಿ ಸ್ಪ್ಯಾನರ್ ಜೊತೆ ಬಿಸಾಡದೆ ಬೇರೆ ಮರದ ಡಬ್ಬಿಯಲ್ಲಿಡಿ.

ನಮ್ಮ ಕಡೆ ಇನ್ನೊಂದು ವಿಷಯ ನೆನಪಿಡಬೇಕು. ಏಪ್ರಿಲ್, ಮೇ ತಿಂಗಳಲ್ಲಿ ಕಲಬುರಗಿ, ಯಾದಗಿರಿಯ ಬಿಸಿಲು 42, 43 ಡಿಗ್ರಿ ಮುಟ್ಟುತ್ತದೆ. ಅಂಗಳದಲ್ಲಿ ನಿಂತ ಟ್ರ್ಯಾಕ್ಟರ್‌ನ ಒಂದು ಬದಿ ಬಿಸಿಲಿಗಿದ್ದು ಇನ್ನೊಂದು ನೆರಳಿಗಿದ್ದರೆ ಲೋಹ ಎರಡೂ ಕಡೆ ಒಂದೇ ಸಮ ಹಿಗ್ಗಿರುವುದಿಲ್ಲ. ಬಿಸಿಲಲ್ಲಿಟ್ಟ ಸ್ಟ್ರೈಟ್ ಎಡ್ಜ್‌ನ ಒಂದು ಅಂಚು ಕಾದರೆ ಅದೂ ಬಾಗುತ್ತದೆ. ಆದ್ದರಿಂದ ಗಾಡಿಯನ್ನು ರಾತ್ರಿ ಶೆಡ್ಡಿನಲ್ಲಿ ನಿಲ್ಲಿಸಿ, ಬೆಳಿಗ್ಗೆ ಹೊತ್ತೇರುವ ಮೊದಲು ಅಳೆಯಿರಿ.

ಸ್ಟ್ರೈಟ್ ಎಡ್ಜನ್ನು ಉದ್ದಕ್ಕೆ ಎರಡೂ ಅಂಚಿನಲ್ಲಿ, ಮೂಲೆಯಿಂದ ಮೂಲೆಗೆ ಎರಡು ಸಲ, ಆಮೇಲೆ ಅಡ್ಡಡ್ಡಕ್ಕೆ ಪ್ರತಿ ಎರಡು ಸಿಲಿಂಡರ್ ನಡುವಿನ ಪಟ್ಟಿಯ ಮೇಲೆ ಇಟ್ಟು ನೋಡಿ. ಈ ಪಟ್ಟಿಗಳೇ ಮುಖ್ಯ. ಎರಡೂ ಕಡೆಯ ಬೆಂಕಿ ತಾಗುವುದು ಅಲ್ಲಿ, ನೀರಿನ ದಾರಿ ಕಡಿಮೆ ಇರುವುದೂ ಅಲ್ಲಿ. ವೆಟ್ ಲೈನರ್ ಫೇಸಿಗಿಂತ ಮೇಲೆದ್ದಿರುತ್ತದೆ. ಅದರ ಮೇಲೆ ಸ್ಟ್ರೈಟ್ ಎಡ್ಜ್ ಕೂತರೆ ಅಳತೆ ಸುಳ್ಳಾಗುತ್ತದೆ. ಅಂಥ ಕಡೆ ಲೈನರ್ ತೆಗೆದೇ ಅಳೆಯಬೇಕು.

ಹಿಂದಿನಿಂದ ಟಾರ್ಚ್ ಬಿಟ್ಟರೆ ಬೆಳಕು ಕಾಣುತ್ತದೆ ಎಂದು ಗಾಬರಿ ಬೇಡ. ಎರಡು ಮೂರು ಮೈಕ್ರಾನ್ ಸಂದಿಯಲ್ಲೂ ಬೆಳಕು ತೂರುತ್ತದೆ. ಬೆಳಕು ಜಾಗ ತೋರಿಸುತ್ತದೆ, ತೀರ್ಮಾನ ಎಲೆಯದ್ದು. ಎಲೆಯನ್ನು ತುರುಕಬೇಡಿ, ತಾನಾಗಿ ಜಾರಿಹೋಗಬೇಕು.

ಅಂಕಿಗಳ ವಿಷಯಕ್ಕೆ ಬಂದರೆ ನಿಮ್ಮ ಎಂಜಿನ್‌ನ ಕೈಪಿಡಿ ಹೇಳಿದ್ದೇ ಕೊನೆಯ ಮಾತು. ಕೈಪಿಡಿ ಸಿಗದಿದ್ದರೆ, ಮೂರು ನಾಲ್ಕು ಸಿಲಿಂಡರ್ ಎಂಜಿನ್‌ಗಳಿಗೆ ಸಾಮಾನ್ಯವಾಗಿ ಉದ್ದಕ್ಕೆ 0.10 ಮಿ.ಮೀ., ಅಡ್ಡಕ್ಕೆ 0.05 ಮಿ.ಮೀ. ಮಿತಿ ಎಂದು ಹಿಡಿಯುತ್ತಾರೆ. ಉಕ್ಕಿನ ತೆಳು ಪದರಗಳ ಎಂಎಲ್‌ಎಸ್ ಗ್ಯಾಸ್ಕೆಟ್ ಇದ್ದರೆ ಒಟ್ಟಾರೆ 0.05ರೊಳಗೇ ಇರಬೇಕು. ಆದರೆ ಒಟ್ಟು ಅಂಕಿಗಿಂತ ತಗ್ಗು ಹೇಗೆ ಇಳಿದಿದೆ ಎಂಬುದನ್ನು ಜಾಸ್ತಿ ನೋಡಿ. ಇಡೀ ಉದ್ದಕ್ಕೆ ನಿಧಾನವಾಗಿ ಬಾಗಿದ 0.08ಕ್ಕಿಂತ ಒಂದು ಇಂಚಿನೊಳಗೆ ಗಕ್ಕನೆ ಇಳಿದ 0.04 ಹೆಚ್ಚು ಅಪಾಯ. ಬಾಗಿದ್ದನ್ನು ಬೋಲ್ಟ್ ಸ್ವಲ್ಪ ಎಳೆದು ಕೂಡಿಸುತ್ತದೆ, ಗುಂಡಿಯನ್ನು ಕೂಡಿಸುವುದಿಲ್ಲ. 75 ಮಿ.ಮೀ. ಅಂತರದೊಳಗೆ 0.025 ಮಿ.ಮೀ.ಗಿಂತ ಜಾಸ್ತಿ ಏರಿಳಿತ ಇರಬಾರದು ಎಂಬುದು ಒಳ್ಳೆಯ ಲೆಕ್ಕ. ಇಷ್ಟು ತೆಳು ಎಲೆ ಎಲ್ಲ ಸೆಟ್ಟಿನಲ್ಲೂ ಇರುವುದಿಲ್ಲ. ಅದಕ್ಕೇ ಎಣ್ಣೆಕಲ್ಲಿನ ಗುರುತು ಮೊದಲು ನೋಡಲು ಹೇಳಿದ್ದು.

ಹೆಡ್ ಮತ್ತು ಬ್ಲಾಕ್ ಅಂಕಿಗಳನ್ನು ಬೇರೆ ಬೇರೆ ನೋಡಿ ಎರಡೂ ಪಾಸ್ ಅನ್ನಬೇಡಿ. ಹೆಡ್ 0.05, ಬ್ಲಾಕ್ 0.08, ಎರಡೂ ಒಂದೇ ಜಾಗದಲ್ಲಿ ತಗ್ಗಿದ್ದರೆ ಗ್ಯಾಸ್ಕೆಟ್ ತುಂಬಬೇಕಾದ ಸಂದಿ 0.13. ಹೀಗಾಗಿ ಕಾಗದದ ಮೇಲೆ ಬ್ಲಾಕ್ ಚಿತ್ರ ಬರೆದು, ತಗ್ಗಿದ ಕಡೆಯ ಅಂಕಿಗಳನ್ನು ಅಲ್ಲಲ್ಲೇ ಬರೆದುಕೊಳ್ಳಿ. ಹೆಡ್ಡಿಗೂ ಹಾಗೇ. ಹೆಡ್ ತಲೆಕೆಳಗಾಗಿ ಕೂರುತ್ತದೆ ಎಂಬುದು ನೆನಪಿರಲಿ, ಎಡ ಬಲ ಅದಲುಬದಲಾಗುತ್ತದೆ.

ಫೇಸ್ ಸಮ ಇದೆ, ಆದರೂ ಸೋರುತ್ತದೆ

ಹಾಗಾದರೆ ಲೈನರ್ ಎತ್ತರ ನೋಡಿ. ವೆಟ್ ಲೈನರ್ ಬ್ಲಾಕ್ ಫೇಸಿಗಿಂತ ಕೂದಲೆಳೆಯಷ್ಟು ಮೇಲೆ ನಿಲ್ಲಬೇಕು. ಫೈರ್ ರಿಂಗನ್ನು ಒತ್ತುವುದು ಅದೇ. ಹಲವು ಎಂಜಿನ್‌ಗಳಲ್ಲಿ ಈ ಎತ್ತರ 0.05ರಿಂದ 0.12 ಮಿ.ಮೀ. ಆಸುಪಾಸು. ಹಳೆ ಬೋಲ್ಟು, ದಪ್ಪ ವಾಷರ್ ಹಾಕಿ ಲೈನರನ್ನು ಕೆಳಕ್ಕೆ ಒತ್ತಿಹಿಡಿದು, ಡಯಲ್ ಗೇಜಿನಿಂದ ನಾಲ್ಕು ಕಡೆ ಅಳೆಯಬೇಕು. ಒತ್ತದೆ ಅಳೆದರೆ ಓ-ರಿಂಗ್ ಲೈನರನ್ನು ಮೇಲೆತ್ತಿ ಸುಳ್ಳು ಅಂಕಿ ಕೊಡುತ್ತದೆ. ಲೈನರ್ ಕೂತಿದ್ದರೆ, ಅಂದರೆ ಅದರ ಕಾಲರ್ ಕೆಳಗಿನ ಮೆಟ್ಟಿಲು ತುಕ್ಕು ಹಿಡಿದು ಸವೆದಿದ್ದರೆ, ಬ್ಲಾಕ್ ಎಷ್ಟು ಚೆನ್ನಾಗಿ ಫೇಸಿಂಗ್ ಮಾಡಿಸಿದರೂ ಪ್ರಯೋಜನವಿಲ್ಲ. ಮೆಟ್ಟಿಲನ್ನು ಸಮ ಮಾಡಿ ಕೆಳಗೆ ಸರಿಯಾದ ದಪ್ಪದ ಶಿಮ್ (ತೆಳು ಲೋಹದ ಬಳೆ) ಕೊಡಬೇಕು. ಒಂದೇ ಹೆಡ್ ಕೆಳಗಿನ ಅಕ್ಕಪಕ್ಕದ ಲೈನರ್‌ಗಳ ಎತ್ತರದಲ್ಲಿ ದೊಡ್ಡ ವ್ಯತ್ಯಾಸ ಇರಬಾರದು. ಎತ್ತರದ್ದು ಹೆಡ್ಡನ್ನು ಹೊತ್ತುಕೊಂಡು ಗಿಡ್ಡದ್ದನ್ನು ಬರಿದಾಗಿ ಬಿಡುತ್ತದೆ.

ಇನ್ನೊಂದು ಅಡಗಿದ ಜಾಗ ಬೋಲ್ಟ್ ತೂತು. ವರ್ಷಗಟ್ಟಲೆ ಬಿಗಿದೂ ಬಿಗಿದೂ ತೂತಿನ ಬಾಯಿಯ ಮೊದಲ ಥ್ರೆಡ್ ಮೇಲಕ್ಕೆ ಎಳೆದುಕೊಂಡು ಸುತ್ತಲೂ ಸಣ್ಣ ಉಬ್ಬು ಮಾಡುತ್ತದೆ. ಎಣ್ಣೆಕಲ್ಲು ಆಡಿಸಿದಾಗ ತೂತಿನ ಸುತ್ತ ಮಾತ್ರ ಬಳೆಯಂತೆ ಹೊಳೆದರೆ ಇದೇ ಕಾಯಿಲೆ. ಇದಕ್ಕೆ ಇಡೀ ಬ್ಲಾಕ್ ಕತ್ತರಿಸುವ ಅಗತ್ಯವಿಲ್ಲ. ಕೌಂಟರ್‌ಸಿಂಕ್‌ನಿಂದ ತೂತಿನ ಬಾಯಿಗೆ ಒಂದು ಮಿ.ಮೀ.ನಷ್ಟು ಇಳಿಜಾರು ಕೊಟ್ಟು, ಕಲ್ಲಿನಿಂದ ಹಗುರವಾಗಿ ತಿಕ್ಕಿದರೆ ಸಾಕು. ಎಷ್ಟೋ ಬ್ಲಾಕ್‌ಗಳು ಇಷ್ಟರಿಂದಲೇ ಸರಿಹೋಗುತ್ತವೆ.

ನೀರಿನ ತೂತುಗಳ ಅಂಚು ತುಕ್ಕು ತಿಂದು ಗುಳಿ ಬಿದ್ದಿದ್ದರೆ, ಗುಳಿ ಫೈರ್ ರಿಂಗ್‌ನಿಂದ ದೂರವಿದ್ದಾಗ ಲೋಹ ತುಂಬಿದ ಎಪಾಕ್ಸಿ ನಡೆಯುತ್ತದೆ. ಫೈರ್ ರಿಂಗ್ ಕೂರುವ ಜಾಗದಲ್ಲೇ ಉಗುರಿಗೆ ತಡೆಯುವಂಥ ಗುಳಿ ಇದ್ದರೆ ಮಷಿನ್ ಬಿಟ್ಟು ಬೇರೆ ದಾರಿ ಇಲ್ಲ.

ಶಹಾಬಾದ್ ಕಲ್ಲಿನ ಮೇಲೆ ತಿಕ್ಕುವುದು

ಇದನ್ನು ಬೇರೆಯಾಗಿಯೇ ಹೇಳಬೇಕು, ಯಾಕೆಂದರೆ ನಮ್ಮ ಜಿಲ್ಲೆಗಳಲ್ಲಿ ಇದು ಬಹಳ. ಮನೆ ಮನೆಯಲ್ಲೂ ಶಹಾಬಾದ್ ಕಲ್ಲಿನ ನೆಲ. ಒಂದು ಪರಸಿ ಮೇಲೆ ಎಮರಿ ಪೇಪರ್ ಹಾಸಿ, ಹೆಡ್ಡನ್ನು ಬೋರಲು ಹಾಕಿ ತಿಕ್ಕುತ್ತಾರೆ. ಇಲ್ಲವೇ ಸಣ್ಣ ಕಲ್ಲಿನ ತುಂಡಿಗೆ ಪೇಪರ್ ಸುತ್ತಿ ಬ್ಲಾಕ್ ಮೇಲೆ ಆಡಿಸುತ್ತಾರೆ. ಶಹಾಬಾದ್ ಕಲ್ಲು ಪದರು ಪದರಾಗಿ ಏಳುವ ಸುಣ್ಣದ ಕಲ್ಲು. ನೆಲಕ್ಕೆ ಅದಕ್ಕಿಂತ ಒಳ್ಳೆಯದಿಲ್ಲ. ಆದರೆ ಕಾಲಿಗೆ ಸಮ ಅನಿಸುವ ಪರಸಿಯಲ್ಲಿ ಗ್ಯಾಸ್ಕೆಟ್ಟಿನ ಲೆಕ್ಕಕ್ಕೆ ದೊಡ್ಡ ದೊಡ್ಡ ಅಲೆಗಳಿರುತ್ತವೆ. ಅದರ ಮೇಲೆ ಕೈ ಒತ್ತಡ ಅಂಚಿಗೆ ಜಾಸ್ತಿ ಬಿದ್ದು ಅಂಚುಗಳು ಇಳಿಯುತ್ತವೆ, ನಡು ಉಬ್ಬುತ್ತದೆ. ಮೊದಲಿದ್ದದ್ದಕ್ಕಿಂತ ಕೆಟ್ಟ ಫೇಸ್ ಸಿಗುತ್ತದೆ, ಅದೂ ಹೊಳೆಯುವ ಫೇಸ್.

ಭೀಮಾ ದಂಡೆಯ ಪಂಪ್‌ಸೆಟ್‌ಗಳಲ್ಲಿರುವ ಒಂದು ಸಿಲಿಂಡರ್ ಎಂಜಿನ್‌ನ ಸಣ್ಣ ಹೆಡ್ ಆದರೆ ಕೈಯಿಂದ ತಿಕ್ಕಿ ಸರಿಮಾಡಬಹುದು. ಅದಕ್ಕೆ ಗ್ರಾನೈಟ್ ಸರ್ಫೇಸ್ ಪ್ಲೇಟ್ ಬೇಕು, ಇಲ್ಲವೆಂದರೆ ಗಟ್ಟಿ ಟೇಬಲ್ ಮೇಲೆ ಮಲಗಿಸಿದ ದಪ್ಪ ಗಾಜು. 220ರ ಪೇಪರ್, ಆಮೇಲೆ 320. ನಡುನಡುವೆ ಹೆಡ್ಡನ್ನು ಕಾಲು ಸುತ್ತು ತಿರುಗಿಸುತ್ತಾ, ಒತ್ತದೆ, ಅದರ ಭಾರಕ್ಕೇ ಬಿಟ್ಟು ಎಂಟರ ಆಕಾರದಲ್ಲಿ ಆಡಿಸಿ. ಬಹು ಸಿಲಿಂಡರ್ ಬ್ಲಾಕಿಗೆ ಈ ಕೆಲಸ ಬೇಡ.

ಮಷಿನ್ ಶಾಪಿಗೆ ಕೊಡುವಾಗ

ಬ್ಲಾಕ್ ಇಳಿಸಲೇಬೇಕಾದ ಸ್ಥಿತಿ ಬಂದರೆ ಕೆಲಸ ಕೊಡುವವರು ಬಾಯಿಬಿಟ್ಟು ಕೇಳಬೇಕಾದ ಕೆಲವು ಮಾತುಗಳಿವೆ. ಬ್ಲಾಕನ್ನು ಯಾವುದರ ಮೇಲೆ ಲೆವೆಲ್ ಹಿಡಿಯುತ್ತೀರಿ ಎಂದು ಕೇಳಿ. ಕ್ರ್ಯಾಂಕ್ ಕೂರುವ ಮೇನ್ ಬೋರ್‌ಗೆ ಸಮಾನಾಂತರವಾಗಿ ಫೇಸ್ ಬರಬೇಕು. ಹಳೆ ಫೇಸನ್ನೇ ನಂಬಿ ಕೂರಿಸಿದರೆ ಓರೆ ಹಾಗೇ ಉಳಿದು, ಮುಂದಿನ ಸಿಲಿಂಡರ್‌ಗೂ ಹಿಂದಿನದಕ್ಕೂ ಕಂಪ್ರೆಶನ್ ಬೇರೆ ಬೇರೆಯಾಗುತ್ತದೆ. ಡವೆಲ್ ಪಿನ್ (ಹೆಡ್ಡನ್ನು ಸರಿಯಾದ ಜಾಗಕ್ಕೆ ಕೂರಿಸುವ ಗೂಟ) ತೆಗೆದಿರಬೇಕು. ವೆಟ್ ಲೈನರ್ ತೆಗೆದಿರಬೇಕು. ಫೇಸ್ ಎಷ್ಟು ಇಳಿಯಿತೋ ಲೈನರ್ ಕಾಲರ್‌ನ ಮೆಟ್ಟಿಲನ್ನೂ ಅಷ್ಟೇ ಇಳಿಸಬೇಕು, ಇಲ್ಲದಿದ್ದರೆ ಲೈನರ್ ಎತ್ತರ ಮಿತಿ ಮೀರುತ್ತದೆ. ಎಂಜಿನ್ ನಂಬರ್ ಎಲ್ಲಿದೆ ನೋಡಿಕೊಳ್ಳಿ. ಫೇಸ್ ಅಂಚಿನಲ್ಲಿದ್ದರೆ ಅದು ಉಜ್ಜಿಹೋಗಿ ಆರ್‌ಟಿಒ ಕಚೇರಿಯಲ್ಲಿ ಹೊಸ ತಲೆನೋವು ಶುರುವಾಗುತ್ತದೆ.

ತೆಗೆಯುವುದು ಎಷ್ಟು? ತಗ್ಗು ಹೋಗುವಷ್ಟು ಮಾತ್ರ. ಡೀಸೆಲ್ ಎಂಜಿನ್‌ನಲ್ಲಿ ಪಿಸ್ಟನ್ ಮೇಲಿನ ತುದಿಗೆ ಬಂದಾಗ ಹೆಡ್ಡಿಗೂ ಅದಕ್ಕೂ ಉಳಿಯುವ ಜಾಗ ಒಂದು ಮಿ.ಮೀ. ಆಸುಪಾಸು. ಬ್ಲಾಕಿನಿಂದ 0.2 ತೆಗೆದರೆ ಪಿಸ್ಟನ್ 0.2 ಮೇಲೆ ಬಂದಂತೆ. ವಾಲ್ವ್ ತಾಗಬಹುದು. ಕೆಲಸವಾದ ಮೇಲೆ ಡಯಲ್ ಗೇಜ್ ಇಟ್ಟು ಪ್ರತಿ ಪಿಸ್ಟನ್ ಎಷ್ಟು ಮೇಲೆ ಬರುತ್ತದೆ ಎಂದು ಅಳೆಯಿರಿ, ಅದೂ ಪಿಸ್ಟನ್ ಪಿನ್ನಿನ ನೇರಕ್ಕೆ. ಬೇರೆ ಕಡೆ ಇಟ್ಟರೆ ಪಿಸ್ಟನ್ ವಾಲಿ ಅಂಕಿ ತಪ್ಪುತ್ತದೆ. ಹಲವು ಎಂಜಿನ್‌ಗಳಿಗೆ ಎರಡು ಮೂರು ದಪ್ಪದ ಗ್ಯಾಸ್ಕೆಟ್ ಸಿಗುತ್ತವೆ. ಅಂಚಿನಲ್ಲಿರುವ ಕಚ್ಚು ಅಥವಾ ತೂತುಗಳ ಎಣಿಕೆಯಿಂದ ದಪ್ಪ ಗೊತ್ತಾಗುತ್ತದೆ. ಅಳತೆಗೆ ಸರಿಯಾದದ್ದನ್ನು ತನ್ನಿ. ಎರಡು ಗ್ಯಾಸ್ಕೆಟ್ ಒಂದರ ಮೇಲೊಂದು ಹಾಕುವುದು ಪರಿಹಾರವಲ್ಲ.

ಎಷ್ಟು ನುಣುಪು ಬೇಕು ಎಂಬುದರಲ್ಲೂ ಗೊಂದಲವಿದೆ. ಕನ್ನಡಿಯಂತೆ ಹೊಳೆದರೆ ಒಳ್ಳೆಯದು ಎಂದೇನಿಲ್ಲ. ಗ್ರಾಫೈಟ್ ಮುಖದ ಮೆತ್ತನೆಯ ಗ್ಯಾಸ್ಕೆಟ್ಟಿಗೆ ಹಿಡಿದುಕೊಳ್ಳಲು ಸ್ವಲ್ಪ ಒರಟು ಬೇಕು. ಮಷಿನ್ ಶಾಪಿನವರು ಆರ್‌ಎ ಎನ್ನುವ ಅಂಕಿಯಲ್ಲಿ ಸುಮಾರು 1.5ರಿಂದ 2.5 ಮೈಕ್ರಾನ್. ಎಂಎಲ್‌ಎಸ್ ಗ್ಯಾಸ್ಕೆಟ್ಟಿಗೆ ಅದಕ್ಕಿಂತ ನುಣುಪು ಬೇಕು, 1.25 ಮೈಕ್ರಾನ್ ಒಳಗೆ, 0.75 ಬಂದರೆ ಇನ್ನೂ ಒಳ್ಳೆಯದು. ಮೇಲೆ ಅಲ್ಯುಮಿನಿಯಂ ಹೆಡ್, ಕೆಳಗೆ ಬೀಡಿನ ಬ್ಲಾಕ್ ಇದ್ದಾಗ ಇದು ಇನ್ನೂ ಮುಖ್ಯ. 400 ಮಿ.ಮೀ. ಉದ್ದಕ್ಕೆ 80 ಡಿಗ್ರಿ ಬಿಸಿಯಾದರೆ ಅಲ್ಯುಮಿನಿಯಂ ಸುಮಾರು 0.7 ಮಿ.ಮೀ. ಹಿಗ್ಗುತ್ತದೆ, ಬೀಡು ಅದರ ಅರ್ಧ. ಪ್ರತಿ ಸಲ ಬಿಸಿಯಾಗಿ ತಣ್ಣಗಾದಾಗಲೂ ಎರಡು ಮುಖಗಳ ನಡುವೆ ಗ್ಯಾಸ್ಕೆಟ್ ಎಳೆದಾಡಿಸಿಕೊಳ್ಳುತ್ತದೆ. ಒರಟು ಜಾಸ್ತಿ ಇದ್ದರೆ ಎಂಎಲ್‌ಎಸ್ ಮೇಲಿನ ಲೇಪ ಉಜ್ಜಿಹೋಗುತ್ತದೆ. ಯಾವ ಗ್ಯಾಸ್ಕೆಟ್ ಹಾಕುತ್ತೀರಿ ಎಂದು ಮಷಿನ್ ಶಾಪಿನವರಿಗೆ ಮೊದಲೇ ಹೇಳಿ, ಸಾಧ್ಯವಾದರೆ ಗ್ಯಾಸ್ಕೆಟ್ಟನ್ನೇ ಕೈಗೆ ಕೊಟ್ಟು ತೋರಿಸಿ.

ಜೋಡಿಸುವುದು

ಬ್ಲಾಕ್ ವಾಪಸ್ ಬಂದಮೇಲೆ ಎಣ್ಣೆ ದಾರಿಗಳನ್ನೆಲ್ಲ ಬ್ರಷ್ ಹಾಕಿ ತೊಳೆದು, ಗಾಳಿ ಹೊಡೆದು, ಮತ್ತೊಮ್ಮೆ ಸ್ಟ್ರೈಟ್ ಎಡ್ಜ್ ಇಡಿ. ಮಷಿನ್‌ನಿಂದ ಬಂದಿದೆ ಎಂದು ಬಿಡಬೇಡಿ.

ಬೋಲ್ಟ್ ತೂತುಗಳಲ್ಲಿ ನೀರು, ಎಣ್ಣೆ ನಿಂತಿರಬಾರದು. ತಳ ಮುಚ್ಚಿದ ತೂತಿನಲ್ಲಿ ದ್ರವ ಇದ್ದರೆ ಬೋಲ್ಟ್ ಬಿಗಿಯುವಾಗ ಅದಕ್ಕೆ ಹೋಗಲು ಜಾಗವಿಲ್ಲ. ಟಾರ್ಕ್ ರೆಂಚ್ ಟಿಕ್ ಅನ್ನುತ್ತದೆ, ಹೆಡ್ ಮಾತ್ರ ಬಿಗಿದಿರುವುದಿಲ್ಲ. ಕೆಲವೊಮ್ಮೆ ಬ್ಲಾಕೇ ಸೀಳುತ್ತದೆ. ನಾವು ಹಾಕುವ ಟಾರ್ಕ್‌ನಲ್ಲಿ ಸುಮಾರು ನೂರಕ್ಕೆ 90 ಭಾಗ ಬರೀ ಉಜ್ಜಾಟಕ್ಕೆ ಹೋಗುತ್ತದೆ, ಹೆಡ್ ಒತ್ತುವುದು ಉಳಿದ 10 ಮಾತ್ರ. ಥ್ರೆಡ್‌ನಲ್ಲಿ ತುಕ್ಕಿದ್ದರೆ ಆ 10ರಲ್ಲೂ ಕಡಿತ. ಹೀಗಾಗಿ ಥ್ರೆಡ್ ಸ್ವಚ್ಛ ಮಾಡಿ, ಕೈಪಿಡಿ ಹೇಳಿದಂತೆ ಹನಿ ಎಣ್ಣೆ ಹಚ್ಚಿ. ಬೋಲ್ಟ್‌ಗಳನ್ನು ಸಾಲಾಗಿ ನಿಲ್ಲಿಸಿ ಉದ್ದ ಹೋಲಿಸಿ, ಒಂದು ಉದ್ದವಾಗಿದ್ದರೆ ಅದು ಎಳೆದುಹೋಗಿದೆ. ಕೋನ ಲೆಕ್ಕದಲ್ಲಿ ಬಿಗಿಯುವ ಬೋಲ್ಟ್‌ಗಳನ್ನು ಮತ್ತೆ ಬಳಸಬಹುದೇ ಎಂದು ಕೈಪಿಡಿಯಲ್ಲಿ ನೋಡಿ, ಹೆಚ್ಚಿನವನ್ನು ಬದಲಿಸಲೇಬೇಕು. ಬಿಗಿಯುವುದು ನಡುವಿನಿಂದ ಹೊರಕ್ಕೆ, ಮೂರು ಹಂತದಲ್ಲಿ. ಗ್ಯಾಸ್ಕೆಟ್ ಮೇಲೆ ಪೇಂಟ್, ಸಿಲಿಕಾನ್ ಪೇಸ್ಟ್ ಬಳಿಯಬೇಡಿ. ಪೇಸ್ಟ್ ಬೇಕೇಬೇಕು ಅನಿಸಿದರೆ ಫೇಸ್ ಇನ್ನೂ ಸರಿಯಾಗಿಲ್ಲ ಎಂದರ್ಥ.

ಬ್ಲಾಕ್ ಬಾಗಿದ್ದು ಯಾಕೆ

ಬೀಡಿನ ಬ್ಲಾಕ್ ತನ್ನಷ್ಟಕ್ಕೆ ಬಾಗುವುದಿಲ್ಲ. ಅತಿಯಾಗಿ ಕಾದಿರುತ್ತದೆ. ಕಾರಣ ಬಿಟ್ಟು ಫೇಸಿಂಗ್ ಮಾತ್ರ ಮಾಡಿಸಿದರೆ ಮುಂದಿನ ಹಂಗಾಮಿಗೆ ಗಾಡಿ ವಾಪಸ್ ಬರುತ್ತದೆ.

ತೊಗರಿ ರಾಶಿಯಲ್ಲಿ ಟ್ರ್ಯಾಕ್ಟರ್ ನಿಂತಲ್ಲೇ ಗಂಟೆಗಟ್ಟಲೆ ರಾಶಿ ಯಂತ್ರ ಓಡಿಸುತ್ತದೆ. ಎದುರುಗಾಳಿ ಇಲ್ಲ, ಸುತ್ತಲೂ ಹೊಟ್ಟು. ಫ್ಯಾನ್ ಆ ಹೊಟ್ಟನ್ನೆಲ್ಲ ಎಳೆದು ರೇಡಿಯೇಟರ್ ಜಾಲಿಗೆ ಕಂಬಳಿಯಂತೆ ಹೊದಿಸುತ್ತದೆ. ಶಹಾಪುರ, ಸುರಪುರ ಕಡೆಯ ಭತ್ತದ ಕಟಾವಿನಲ್ಲೂ ಇದೇ ಕಥೆ. ಗಾಡಿಯನ್ನು ಗಾಳಿಯ ದಿಕ್ಕು ನೋಡಿ ನಿಲ್ಲಿಸಿ. ಎರಡು ಗಂಟೆಗೊಮ್ಮೆ ಎಂಜಿನ್ ನಿಲ್ಲಿಸಿ ಜಾಲಿ ಸ್ವಚ್ಛ ಮಾಡಿ, ಎಂಜಿನ್ ಕಡೆಯಿಂದ ಹೊರಕ್ಕೆ ಗಾಳಿ ಹೊಡೆಯಿರಿ. ಆಳಂದ, ಅಫಜಲಪುರ, ಭಾಲ್ಕಿ ಕಡೆ ಎರಡೆರಡು ಟ್ರಾಲಿ ಕಬ್ಬು ಎಳೆಯುವ ಗಾಡಿಗಳಲ್ಲಿ ಫ್ಯಾನ್ ಬೆಲ್ಟ್, ಥರ್ಮೋಸ್ಟಾಟ್ ಮೊದಲು ನೋಡಿ. ಥರ್ಮೋಸ್ಟಾಟ್ ತೆಗೆದುಹಾಕಿ ಓಡಿಸುವುದು ಪರಿಹಾರವಲ್ಲ, ಹೊಸದು ಹಾಕಿ.

ನೀರಿನ ವಿಷಯ ಇನ್ನೂ ದೊಡ್ಡದು. ಸೇಡಂ, ಚಿತ್ತಾಪುರ, ಶಹಾಬಾದ್ ಭಾಗದ ನೆಲದಡಿ ಸುಣ್ಣದ ಕಲ್ಲು. ಸಿಮೆಂಟ್ ಕಾರ್ಖಾನೆಗಳು ಅಲ್ಲಿ ಬಂದದ್ದೇ ಅದಕ್ಕೆ. ಆ ಬೋರ್‌ವೆಲ್ ನೀರನ್ನು ರೇಡಿಯೇಟರ್‌ಗೆ ಹಾಕಿದರೆ ಅಡುಗೆ ಪಾತ್ರೆಯಲ್ಲಿ ಕೂರುವ ಬಿಳಿ ಪದರವೇ ನೀರಿನ ಜಾಕೆಟ್ ಒಳಗೂ ಕೂರುತ್ತದೆ. ಒಂದು ಮಿ.ಮೀ. ಪದರ ಶಾಖವನ್ನು ತಡೆಯುವುದು 25 ಮಿ.ಮೀ. ದಪ್ಪ ಬೀಡಿಗಿಂತ ಜಾಸ್ತಿ. ಸಿಲಿಂಡರ್ ನಡುವಿನ ಕಿರಿದಾದ ದಾರಿ ಮೊದಲು ಕಟ್ಟಿಕೊಳ್ಳುತ್ತದೆ, ಅಲ್ಲೇ ಫೇಸ್ ತಗ್ಗುತ್ತದೆ. ಜೇವರ್ಗಿಯ ಆ ಬ್ಲಾಕಿನಲ್ಲೂ ಎರಡು ಮತ್ತು ಮೂರರ ನಡುವಿನ ನೀರಿನ ತೂತಿನಲ್ಲಿ ಸೈಕಲ್ ಕಡ್ಡಿ ಕೂಡ ಇಳಿಯುತ್ತಿರಲಿಲ್ಲ. ಹೆಡ್ ಬಿಚ್ಚಿದಾಗಲೇ ಈ ತೂತುಗಳನ್ನೆಲ್ಲ ತಂತಿಯಿಂದ ಬಿಡಿಸಿ, ಜಾಕೆಟ್ ತೊಳೆಯಿರಿ. ಆಮೇಲೆ ಡಿಸ್ಟಿಲ್ಡ್ ನೀರಿಗೆ ಅರ್ಧಕ್ಕರ್ಧ ಕೂಲೆಂಟ್ ಬೆರೆಸಿ ಹಾಕಿ. ಹೊಲದಲ್ಲಿ ಎಂಜಿನ್ ಕಾದಾಗ ಕೊಡದಲ್ಲಿದ್ದ ತಣ್ಣೀರು ಸುರಿಯುವುದನ್ನು ಡ್ರೈವರ್‌ಗೆ ಹೇಳಿ ಬಿಡಿಸಿ. ಆರುವವರೆಗೆ ಕಾಯಬೇಕು.

ಮೊದಲ ಸಲ ಸ್ಟಾರ್ಟ್ ಮಾಡಿದಾಗ ಕ್ಯಾಪ್ ತೆಗೆದಿಟ್ಟು ಜಾಕೆಟ್ಟಿನ ಗಾಳಿ ಪೂರ್ತಿ ಹೋಗಲು ಬಿಡಿ. ಶುರುವಿನ ಗುಳ್ಳೆಗಳು ಆ ಗಾಳಿಯದ್ದು, ಸ್ವಲ್ಪ ಹೊತ್ತಿಗೆ ನಿಲ್ಲುತ್ತವೆ. ಆಮೇಲೆ ಲೋಡ್ ಹಾಕಿ ಅರ್ಧ ಗಂಟೆ ಓಡಿಸಿ, ರಾತ್ರಿಯಿಡೀ ಆರಲು ಬಿಡಿ. ಕೈಪಿಡಿಯಲ್ಲಿ ಮರುಬಿಗಿತ ಹೇಳಿದ್ದರೆ ಮಾತ್ರ ಬಿಗಿದು ಟ್ಯಾಪೆಟ್ (ವಾಲ್ವ್ ಸಂದಿ) ಹೊಂದಿಸಿ. ಬೆಳಿಗ್ಗೆ ನೀರಿನ ಮಟ್ಟ ಮತ್ತು ಡಿಪ್‌ಸ್ಟಿಕ್ ನೋಡಿ, ತಣ್ಣಗಿರುವಾಗಲೇ ಮತ್ತೊಮ್ಮೆ ಸ್ಟಾರ್ಟ್ ಮಾಡಿ ಮೇಲಿನ ಹೋಸ್ ಹಿಡಿದು ನೋಡಿ. ಅದು ಮೆತ್ತಗೇ ಇದ್ದರೆ ಗಾಡಿಯನ್ನು ಹೊಲಕ್ಕೆ ಕಳಿಸಬಹುದು.